ನಿವೃತ್ತಿಯಾದ ಒಂಬತ್ತೇ ದಿನಕ್ಕೆ ಕೋಚ್: ಜೇಸನ್ ಕಿಡ್ ಎಡವಿದ್ದು, ಕಲಿತದ್ದು

ಹಾಸನದಲ್ಲಿ ಬೆಳಿಗ್ಗೆ ಆರಕ್ಕೆ ಕೋರ್ಟಿಗೆ ಬರುವ ನಮ್ಮ ಹುಡುಗರಿಗೆ ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ಅಂದರೆ ಪ್ರಾಣ. ಅಮೆರಿಕದಲ್ಲಿ ರಾತ್ರಿ ಮ್ಯಾಚ್ ನಡೆಯುವಾಗ ನಮಗಿಲ್ಲಿ ಬೆಳಗಿನ ಹೊತ್ತು. ಹಾಗಾಗಿ ವಾರ್ಮ್‌ಅಪ್ ಮಾಡುತ್ತಲೇ ಬೆಂಚಿನ ಮೇಲಿಟ್ಟ ಮೊಬೈಲಿನತ್ತ ಒಂದು ಕಣ್ಣು ಇದ್ದೇ ಇರುತ್ತದೆ. ಮೊನ್ನೆ ಅಲ್ಲೇ ನಿಂತಿದ್ದ ಒಬ್ಬ ತಂದೆ ಹೇಳಿದರು, "ನ್ಯಾಷನಲ್ಸ್ ಆಡಿದವರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ ಸಾರ್, ಮಕ್ಕಳು ತಾವಾಗೇ ಕಲೀತಾರೆ."

ಈ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಚೆನ್ನಾಗಿ ಆಡಿದವರು ಚೆನ್ನಾಗಿಯೇ ಕಲಿಸುತ್ತಾರೆ ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ಅದು ಎಷ್ಟು ನಿಜ ಅಂತ ನೋಡಬೇಕಾದರೆ ಜೇಸನ್ ಕಿಡ್ ಕಥೆ ತಿಳಿಯಬೇಕು.

ಕಿಡ್ ಪಾಯಿಂಟ್ ಗಾರ್ಡ್. ಅಂದರೆ ಚೆಂಡನ್ನು ತಂದು ಹಂಚುವವನು. ಮದುವೆ ಊಟಕ್ಕೆ ಬಡಿಸುವವರನ್ನು ನೋಡಿದ್ದೀರಲ್ವಾ? ಯಾರ ಎಲೆ ಖಾಲಿ ಆಗುತ್ತಿದೆ ಅಂತ ಉಣ್ಣುವವನಿಗಿಂತ ಮೊದಲು ಬಡಿಸುವವನ ಕಣ್ಣಿಗೆ ಬೀಳಬೇಕು. ಇದೂ ಹಾಗೇ. 1994ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಡಲ್ಲಾಸ್ ತಂಡ ಎರಡನೇ ಆಯ್ಕೆಯಾಗಿ ಅವನನ್ನು ತೆಗೆದುಕೊಂಡಿತು. ಆಮೇಲೆ ಫೀನಿಕ್ಸ್, ಅಲ್ಲಿಂದ 2001ರಲ್ಲಿ ನ್ಯೂಜೆರ್ಸಿ ನೆಟ್ಸ್. ಹಿಂದಿನ ವರ್ಷ ಬರೀ 26 ಮ್ಯಾಚ್ ಗೆದ್ದಿದ್ದ ನೆಟ್ಸ್, ಕಿಡ್ ಬಂದ ವರ್ಷ 52 ಗೆದ್ದು ಫೈನಲ್‌ಗೆ ಹೋಯಿತು. ಮರುವರ್ಷ ಮತ್ತೆ ಫೈನಲ್. ಎರಡೂ ಸಲ ಸೋಲು. ಕಪ್ ಸಿಕ್ಕಿದ್ದು 2011ರಲ್ಲಿ, ಮತ್ತೆ ಡಲ್ಲಾಸ್‌ಗೆ ಬಂದ ಮೇಲೆ, 38ನೇ ವಯಸ್ಸಿನಲ್ಲಿ.

ನನಗೆ ಅವನಲ್ಲಿ ಜಾಸ್ತಿ ಇಷ್ಟವಾಗುವುದು ಬೇರೆಯೇ ಒಂದು ಸಂಗತಿ. ಶುರುವಿನಲ್ಲಿ ಅವನಿಗೆ ಜಂಪ್ ಶಾಟ್, ಅಂದರೆ ದೂರದಿಂದ ಹಾರಿ ಬುಟ್ಟಿಗೆ ಹಾಕುವುದು, ಬರುತ್ತಿರಲಿಲ್ಲ. ಜಂಪ್ ಶಾಟಿನ 'ಜೆ' ಇಲ್ಲ ಅಂತ ಹೆಸರಿನಿಂದಲೂ ಜೆ ತೆಗೆದು 'ಏಸನ್' ಎಂದು ರೇಗಿಸುತ್ತಿದ್ದರು. ಅದೇ ಮನುಷ್ಯ ಆಟ ಬಿಡುವ ಹೊತ್ತಿಗೆ ದೂರದ ಗೆರೆಯಾಚೆಯಿಂದ ಹಾಕುವ ತ್ರೀ ಪಾಯಿಂಟರ್ 1,988 ಹಾಕಿದ್ದ. ಆಗ ಎನ್‌ಬಿಎಯಲ್ಲಿ ಅವನಿಗಿಂತ ಜಾಸ್ತಿ ಹಾಕಿದ್ದವರು ಇಬ್ಬರೇ.

2013ರ ಜೂನ್ 3ಕ್ಕೆ ನಿವೃತ್ತಿ ಹೇಳಿದ. ಕೊನೆಯ ಪ್ಲೇಆಫ್‌ನಲ್ಲಿ, ನ್ಯೂಯಾರ್ಕ್ ನಿಕ್ಸ್ ಪರ, ಸತತ ಹತ್ತು ಮ್ಯಾಚ್‌ಗಳಲ್ಲಿ ಒಂದು ಪಾಯಿಂಟೂ ಬಂದಿರಲಿಲ್ಲ. ದೇಹ ಸಾಕು ಅಂದಿತ್ತು. ಜೂನ್ 12ಕ್ಕೆ ಹಳೇ ತಂಡ ನೆಟ್ಸ್ ಅವನನ್ನು ಹೆಡ್ ಕೋಚ್ ಮಾಡಿಕೊಂಡಿತು. ಮಧ್ಯೆ ಇದ್ದದ್ದು ಒಂಬತ್ತು ದಿನ. ಒಂದು ದಿನವೂ ಸಹಾಯಕ ಕೋಚ್ ಆಗಿ ಕೂತವನಲ್ಲ.

ಆಟಗಾರ ನೇರವಾಗಿ ಕೋಚ್ ಆಗುವುದು ಅಲ್ಲಿ ಹೊಸದೇನಲ್ಲ. 1966ರಲ್ಲಿ ಬೋಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಇನ್ನೂ ಆಡುತ್ತಿರುವಾಗಲೇ ಕೋಚ್ ಆದರು. ಎನ್‌ಬಿಎಯ ಮೊದಲ ಕಪ್ಪು ಜನಾಂಗದ ಹೆಡ್ ಕೋಚ್ ಅವರೇ. 1968, 1969ರಲ್ಲಿ ಎರಡೂ ಕೆಲಸ ಒಟ್ಟಿಗೆ ಮಾಡಿ ಕಪ್ ಗೆದ್ದರು. ಲೆನ್ನಿ ವಿಲ್ಕೆನ್ಸ್ ಕೂಡ ಸಿಯಾಟಲ್‌ನಲ್ಲಿ ಆಡುತ್ತಲೇ ಕೋಚಿಂಗ್ ಶುರು ಮಾಡಿದವರು. ಆದರೆ ಕಿಡ್ ಕಾಲಕ್ಕೆ ಕೋಚ್ ಕೆಲಸವೇ ಬೇರೆ ಆಗಿತ್ತು. ವಿಡಿಯೋ ನೋಡುವವರು, ಡಿಫೆನ್ಸ್‌ಗೊಬ್ಬರು, ಲೆಕ್ಕ ಇಡುವವರು, ಹೀಗೆ ಬೆಂಚಿನಲ್ಲೇ ಒಂದು ಆಫೀಸು ಇರುತ್ತದೆ, ಅದನ್ನು ನಡೆಸುವುದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಎಡವಿದ್ದು ಎಲ್ಲರಿಗೂ ಕಂಡಿತು. ಆ ನವೆಂಬರ್‌ನಲ್ಲಿ ಲೇಕರ್ಸ್ ವಿರುದ್ಧದ ಮ್ಯಾಚಿನ ಕೊನೆಯ ಸೆಕೆಂಡುಗಳು, ಆಟ ನಿಲ್ಲಿಸಿ ಮಾತಾಡಲು ಸಿಗುವ ಟೈಮ್‌ಔಟ್ ನೆಟ್ಸ್ ಬಳಿ ಉಳಿದಿಲ್ಲ. ಬೆಂಚಿಗೆ ಬರುತ್ತಿದ್ದ ತನ್ನದೇ ಆಟಗಾರ ತಾಗಿ ಕಿಡ್ ಕೈಯಲ್ಲಿದ್ದ ಲೋಟ ನೆಲಕ್ಕೆ ಚೆಲ್ಲಿತು. ಒರೆಸುವಷ್ಟು ಹೊತ್ತು ಆಟ ನಿಂತಿತು, ಆ ಹೊತ್ತಿನಲ್ಲಿ ಮುಂದಿನ ಪ್ಲೇ ಹೇಳಿಕೊಟ್ಟರು. ಬೇಕಂತಲೇ ಚೆಲ್ಲಿಸಿದ್ದು ಎಂದು ಲೀಗ್ 50,000 ಡಾಲರ್ ದಂಡ ಹಾಕಿತು. ಆಟಗಾರನ ಚಾಲಾಕಿ ಇನ್ನೂ ಮೈಯಲ್ಲಿತ್ತು ಅನ್ನುವುದು ನನ್ನ ಅನಿಸಿಕೆ. ಡಿಸೆಂಬರ್‌ನಲ್ಲಿ ಲಾರೆನ್ಸ್ ಫ್ರಾಂಕ್ ಅನ್ನುವ ಹಿರಿಯ ಸಹಾಯಕರನ್ನು ಬೆಂಚಿನಿಂದ ಎಬ್ಬಿಸಿ ವರದಿ ಬರೆಯುವ ಕೆಲಸಕ್ಕೆ ಹಾಕಿದ. ಕಿಡ್ ಆಡುವಾಗ ಅದೇ ಫ್ರಾಂಕ್ ಅವನಿಗೆ ಕೋಚ್ ಆಗಿದ್ದವರು! ವರ್ಷದ ಕೊನೆಗೆ ನೆಟ್ಸ್ 10 ಗೆಲುವು, 21 ಸೋಲು. ಹೊಸ ವರ್ಷದಲ್ಲಿ ತಂಡ ಚೇತರಿಸಿಕೊಂಡು ಸೀಸನ್‌ನಲ್ಲಿ ಒಟ್ಟು 44 ಗೆದ್ದಿತು, ಅದನ್ನೂ ಹೇಳಬೇಕು.

ಆಮೇಲೆ ಮಿಲ್ವಾಕಿ ತಂಡಕ್ಕೆ ಮೂರೂವರೆ ವರ್ಷ ಹೆಡ್ ಕೋಚ್. ಹಿಂದಿನ ವರ್ಷ 15 ಗೆದ್ದಿದ್ದ ತಂಡ ಅವನ ಮೊದಲ ವರ್ಷದಲ್ಲೇ 41 ಗೆದ್ದಿತು. 2018ರ ಜನವರಿಯಲ್ಲಿ ಕೆಲಸ ಹೋಯಿತು.

ಕಥೆ ತಿರುಗುವುದು ಇಲ್ಲಿಂದ. ಎರಡು ತಂಡಕ್ಕೆ ಹೆಡ್ ಕೋಚ್ ಆಗಿದ್ದವನು, ಹಾಲ್ ಆಫ್ ಫೇಮ್ ಸೇರಿದವನು, 2019ರಲ್ಲಿ ಲೇಕರ್ಸ್‌ಗೆ ಸಹಾಯಕನಾಗಿ ಹೋದ. ಫ್ರಾಂಕ್ ವೋಗಲ್ ಮುಖ್ಯಸ್ಥರು, ಇವನು ಪಕ್ಕದ ಕುರ್ಚಿ. 2020ರಲ್ಲಿ ಲೇಕರ್ಸ್ ಕಪ್ ಗೆದ್ದಿತು. ಎಲ್ಲರೂ ಮೊದಲು ಮಾಡುವ ಕೆಲಸವನ್ನು ಕಿಡ್ ಆಮೇಲೆ ಮಾಡಿದ. 2021ರಲ್ಲಿ ಡಲ್ಲಾಸ್ ಕರೆಯಿತು, ತನಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್ ರಿಕ್ ಕಾರ್ಲೈಲ್ ಬಿಟ್ಟ ಜಾಗಕ್ಕೆ. 2022ರ ಪ್ಲೇಆಫ್‌ನಲ್ಲಿ ಫೀನಿಕ್ಸ್ ಅನ್ನು ಅವರದ್ದೇ ಅಂಗಳದಲ್ಲಿ, ಏಳು ಮ್ಯಾಚ್‌ಗಳ ಸರಣಿಯ ಕೊನೆಯ ಮ್ಯಾಚಿನಲ್ಲಿ, 33 ಪಾಯಿಂಟ್‌ಗಳಿಂದ ಸೋಲಿಸಿದರು. 2024ರಲ್ಲಿ ಫೈನಲ್. ಬೋಸ್ಟನ್ ಎದುರು 4-1ರಿಂದ ಸೋತರು.

ಇನ್ನು ನಮ್ಮ ಕಡೆ. ನಮ್ಮ ದೊಡ್ಡ ಆಟಗಾರರು ಹೆಚ್ಚಿನವರು ರೈಲ್ವೆ, ಬ್ಯಾಂಕು, ಸೇನೆಯಲ್ಲಿ ಕ್ರೀಡಾ ಕೋಟಾದಡಿ ಕೆಲಸ ಹಿಡಿದವರು. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡ ನೆನಪಿರಬೇಕು. ಆಟ ಮುಗಿದ ಮೇಲೆ ಕೌಂಟರಿಗೋ ಫೈಲಿಗೋ ವಾಪಸ್. ಕಲಿಸಬೇಕು ಅನ್ನುವವರಿಗೆ 1961ರಲ್ಲಿ ಶುರುವಾದ, ಕೋಚ್‌ಗಳಿಗೆ ತರಬೇತಿ ಕೊಡುವ ಪಟಿಯಾಲದ ಎನ್‌ಐಎಸ್ ಇದೆ, ಆದರೆ ಡಿಪ್ಲೊಮಾ ಅಂದರೆ ಕೆಲಸ, ಮನೆ ಬಿಟ್ಟು ತಿಂಗಳುಗಟ್ಟಲೆ ಇರಬೇಕು. ಅಷ್ಟು ರಜೆ ಎಲ್ಲಿಂದ ಬರಬೇಕು? ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯನಾದ, ಅದೂ ಇದೇ ಡಲ್ಲಾಸ್ ತಂಡಕ್ಕೆ. ಅವನ ಹಿಂದೆ ಲೂಧಿಯಾನ ಅಕಾಡೆಮಿಯಲ್ಲಿ ವರ್ಷಗಟ್ಟಲೆ ದುಡಿದ ಎಸ್. ಸುಬ್ರಮಣಿಯನ್ ಅನ್ನುವ ಕೋಚ್ ಇದ್ದರು. ಆ ದಿನ ನೋಡಲು ಅವರು ಬದುಕಿರಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಕೋರ್ಟಿಗೆ ರಾಜ್ಯಕ್ಕೆ ಆಡಿದ್ದ ಒಬ್ಬರು ಬಂದಿದ್ದರು. ರಜೆಗೆ ಊರಿಗೆ ಬಂದವರು. ಹನ್ನೆರಡು ವರ್ಷದ ಹುಡುಗಿಗೆ ಲೇ ಅಪ್, ಅಂದರೆ ಓಡಿ ಬಂದು ಬುಟ್ಟಿಯ ಹತ್ತಿರ ಹಾರಿ ಚೆಂಡು ಹಾಕುವುದನ್ನು, ತೋರಿಸಿದರು. ಏನು ಚಂದ! ಹತ್ತು ಸಲ ಹಾಕಿದರು, ಹತ್ತೂ ಬಿತ್ತು. "ಹೀಗೆ, ಇಷ್ಟೇ ನೋಡು" ಅಂದರು. ಹುಡುಗಿ ಹತ್ತು ಸಲವೂ ತಪ್ಪು ಕಾಲಲ್ಲೇ ಹಾರಿದಳು. ಯಾವ ಕಾಲು ಮೊದಲು ಅಂತ ಕೇಳಿದಾಗ ಅವರು ನಿಂತಲ್ಲೇ ಒಂದು ಸಲ ನಡೆದು ನೋಡಿಕೊಂಡರು. ಅವರ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ಮಾರನೇ ದಿನ ನಮ್ಮ ಪಿಟಿ ಮೇಷ್ಟ್ರು, ಮೂಲತಃ ವಾಲಿಬಾಲ್‌ನವರು, ಒದ್ದೆ ಸಿಮೆಂಟನ್ನು ಗೋಣಿಚೀಲದಿಂದ ಒರೆಸಿ ಸೀಮೆಸುಣ್ಣದಲ್ಲಿ ಎರಡು ಸುತ್ತು ಬರೆದರು. ಬಲಗಾಲು ಇಲ್ಲಿ, ಎಡಗಾಲು ಅಲ್ಲಿ, ಹಾರು. ಚೆಂಡೇ ಕೊಡಲಿಲ್ಲ ಮೊದಲ ಕಾಲು ಗಂಟೆ. ಆಮೇಲೆ ಕೊಟ್ಟರು. ಐದನೇ ಸಲಕ್ಕೆ ಬೋರ್ಡಿಗೆ ತಾಗಿ ಒಳಗೆ ಬಿತ್ತು, ಹುಡುಗಿ ಕಿರುಚಿದಳು.

ಆ ಆಟಗಾರರು ಅವತ್ತು ಬೆಂಚಿನ ಮೇಲೆ ಕೂತು ಪೂರ್ತಿ ನೋಡಿದರು. ಹೋಗುವಾಗ ಮೇಷ್ಟ್ರ ಹತ್ತಿರ ಆ ಸುತ್ತುಗಳ ನಡುವೆ ಎಷ್ಟು ಅಂತರ ಇಡಬೇಕು ಅಂತ ಕೇಳಿಕೊಂಡರು. ಹೋದ ವಾರ ಫೋನ್ ಮಾಡಿದ್ದರು. ಎನ್‌ಐಎಸ್‌ನಲ್ಲಿ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆಯಲ್ಲ, ಅದಕ್ಕೆ ಆಫೀಸಿನಲ್ಲಿ ರಜೆ ಕೇಳಿದ್ದಾರಂತೆ.