ಯಾವ ಕಂಪನಿಯ ಸೆಲ್ಲಾದರೂ ಕೂರುತ್ತಿತ್ತು

ಶಿರಸಿ ಕಡೆಯ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಬಹಳ ಕಾಲ ಟಾರ್ಚೇ ಆಗಿತ್ತು. ಕತ್ತಲಾದ ಮೇಲೆ ತೋಟಕ್ಕೆ ಇಳಿಯುವವರು ‘ಬ್ಯಾಟರಿ ತಾ’ ಎನ್ನುತ್ತಿದ್ದರು. ಅದರೊಳಗೆ ಇರುವುದು ಸೆಲ್ಲು. ಅಜ್ಜನ ಮೂರು ಸೆಲ್ಲಿನ ಟಾರ್ಚಿಗೆ ಒಂದು ಸಲ ಒಂದು ಕಂಪನಿಯದು ಬರುತ್ತಿತ್ತು, ಮತ್ತೊಂದು ಸಲ ಅದರ ಎದುರಾಳಿಯದು. ಹಿಂದಿನ ಮುಚ್ಚಳ ತಿರುಗಿಸಿ, ಸ್ಪ್ರಿಂಗ್ ಒತ್ತಿ ಕೂರಿಸಿದರೆ ಬೆಳಕು. ದಪ್ಪ ಸೆಲ್ಲಿನ ಸುತ್ತಳತೆ, ಉದ್ದ, ಒಂದೂವರೆ ವೋಲ್ಟ್ ಇವೆಲ್ಲ ಎಂದೋ ಗೊತ್ತಾಗಿಹೋದ ಲೆಕ್ಕ. ಅದರ ಬಗ್ಗೆ ಯಾರೂ ಯೋಚಿಸುತ್ತಲೇ ಇರಲಿಲ್ಲ.

ಕಳೆದ ವರ್ಷ ಭಾವ ವಿದ್ಯುತ್ ಸ್ಕೂಟರ್ ಕೊಳ್ಳಲು ಹೊರಟಾಗ ಕೇಳಿದ್ದು ಇದನ್ನೇ: “ಟಾರ್ಚಿನ ಸೆಲ್ಲಿನ ಹಾಗೆ ಖಾಲಿಯಾದದ್ದನ್ನು ತೆಗೆದು ತುಂಬಿದ್ದನ್ನು ಹಾಕಿಕೊಂಡು ಹೋಗಬಾರದೇಕೆ?” ಅವರ ಮನೆ ಶಿರಸಿಯ ಹತ್ತಿರ, ಓಡಾಟ ಕುಮಟಾಕ್ಕೆ. ನಡುವೆ ದೇವಿಮನೆ ಘಟ್ಟ. ಪ್ರಶ್ನೆ ಸರಳವಾಗಿದೆ ಎಂದು ನಾನು ಉತ್ತರ ಹುಡುಕಲು ಹೋದೆ. ಅದು ಜಪಾನಿನವರೆಗೆ ಎಳೆದುಕೊಂಡು ಹೋಯಿತು.

ಮೋಟಾರ್ ಸೈಕಲ್ ಲೋಕದಲ್ಲಿ ಹೋಂಡಾ ಮತ್ತು ಯಮಹಾ ಹಾವು–ಮುಂಗುಸಿ. 1980ರ ದಶಕದ ಆರಂಭದಲ್ಲಿ ಹೋಂಡಾವನ್ನು ಹಿಂದಿಕ್ಕುತ್ತೇವೆಂದು ಯಮಹಾ ಹೊಸ ಕಾರ್ಖಾನೆ ಕಟ್ಟಲು ಹೊರಟಿತು. ಕೆರಳಿದ ಹೋಂಡಾ ಸುಮಾರು ಒಂದೂವರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಮಾದರಿಗಳನ್ನು ಮಾರುಕಟ್ಟೆಗೆ ಸುರಿಯಿತು. ಮಾರಾಟವಾಗದ ಗಾಡಿಗಳ ರಾಶಿಯ ನಡುವೆ 1983ರಲ್ಲಿ ಯಮಹಾ ಸೋಲೊಪ್ಪಿಕೊಂಡಿತು. ಅಂಥ ಇಬ್ಬರು 2019ರ ಏಪ್ರಿಲ್‌ನಲ್ಲಿ ಸುಜುಕಿ ಮತ್ತು ಕವಾಸಾಕಿಯನ್ನೂ ಸೇರಿಸಿಕೊಂಡು, ಬದಲಾಯಿಸಬಹುದಾದ ಬ್ಯಾಟರಿಗಾಗಿ ಒಂದು ಒಕ್ಕೂಟ ಕಟ್ಟಿದರು. 2021ರ ಮಾರ್ಚ್‌ನಲ್ಲಿ ಬ್ಯಾಟರಿಗೂ ಅದನ್ನು ಬದಲಾಯಿಸುವ ವ್ಯವಸ್ಥೆಗೂ ಸಮಾನ ಮಾನದಂಡ ಇರಲಿ ಎಂದು ಒಪ್ಪಿದರು. ಅದೇ ವರ್ಷ ಯುರೋಪಿನಲ್ಲಿ ಹೋಂಡಾ, ಯಮಹಾ, ಕೆಟಿಎಂ, ಪಿಯಾಜಿಯೊ ಇಂಥದ್ದೇ ಇನ್ನೊಂದು ಕೂಟ ರಚಿಸಿಕೊಂಡವು.

ಇದರಲ್ಲಿ ಸ್ನೇಹಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಪೆಟ್ರೋಲ್ ಬಂಕ್ ಯಾವ ಗಾಡಿ ಕಂಪನಿಗೂ ಸೇರಿದ್ದಲ್ಲ. ಎಲ್ಲರ ಟ್ಯಾಂಕಿಗೂ ಅದೇ ಪೈಪು. ಬ್ಯಾಟರಿ ಗಾಡಿಯಲ್ಲಿ ಹಾಗಲ್ಲ, ಬಂಕನ್ನೂ ತಾವೇ ಕಟ್ಟಬೇಕು. ಒಬ್ಬೊಬ್ಬರೇ ಊರೂರಿಗೆ ಬ್ಯಾಟರಿ ಕೇಂದ್ರ ಇಡುತ್ತಾ ಹೋದರೆ ಮನೆ ಮಾರಬೇಕಾದೀತು. ಜಪಾನಿನ ಒಪ್ಪಂದದಲ್ಲಿ ನನಗೆ ಮೋಜೆನಿಸಿದ್ದು ಮುಂದಿನ ಹೆಜ್ಜೆ. 2022ರ ಏಪ್ರಿಲ್‌ನಲ್ಲಿ ಬ್ಯಾಟರಿ ಹಂಚಲು ‘ಗಚಾಕೊ’ ಎಂಬ ಕಂಪನಿ ಹುಟ್ಟಿತು. ಅದರಲ್ಲಿ ಹೋಂಡಾದ ಪಾಲು 34%, ಉಳಿದ ಮೂವರದು ತಲಾ 5%. ದೊಡ್ಡ ಪಾಲು, 51%, ಎನಿಯೋಸ್‌ನದು. ಎನಿಯೋಸ್ ಎಂದರೆ ಪೆಟ್ರೋಲ್ ಕಂಪನಿ! ಬಂಕಿನವನು ಬಂಕನ್ನು ಬಿಟ್ಟುಕೊಟ್ಟಿಲ್ಲ, ಸರಕು ಬದಲಾಯಿಸಿದ್ದಾನೆ ಅಷ್ಟೆ.

ಇವರೆಲ್ಲರಿಗೂ ಮೊದಲೇ ತೈವಾನಿನ ಗೊಗೊರೊ ಕಂಪನಿ 2015ರಿಂದ ಬೀದಿ ಬದಿಯಲ್ಲಿ ಬ್ಯಾಟರಿ ಬದಲಾಯಿಸಿಕೊಡುತ್ತಿತ್ತು. 2019ರಲ್ಲಿ ಯಮಹಾ ಕೂಡ ಅದರ ಬ್ಯಾಟರಿಗೆ ಹೊಂದುವ ಸ್ಕೂಟರನ್ನು ಅಲ್ಲಿ ಬಿಟ್ಟಿತು. ಆದರೆ ಅದೇ ದ್ವೀಪದ ಸ್ಕೂಟರ್ ಕಂಪನಿ ಕಿಮ್ಕೊ ತನ್ನದೇ ಬ್ಯಾಟರಿ ಪೆಟ್ಟಿಗೆ ಮಾಡಿಕೊಂಡಿತು. ಅಲ್ಲಿಯೂ ಎರಡು ಪಂಗಡ.

ನಮ್ಮಲ್ಲಿ? ಹೀರೋ ಮತ್ತು ಹೋಂಡಾ 1984ರಿಂದ ಒಂದೇ ಟ್ಯಾಂಕಿನ ಮೇಲೆ ಇದ್ದ ಎರಡು ಹೆಸರು. 2010ರ ಕೊನೆಯಲ್ಲಿ ಬೇರೆಯಾದರು. ಬ್ಯಾಟರಿಯ ಕಾಲ ಬಂದಾಗ ಹೀರೋ 2021ರಲ್ಲಿ ಗೊಗೊರೊ ಜೊತೆ ಕೈಜೋಡಿಸುವುದಾಗಿ ಘೋಷಿಸಿತು. ಮರುವರ್ಷ ತಂದ ವಿಡಾ ಸ್ಕೂಟರಿನಲ್ಲಿ ಮಾತ್ರ ತೆಗೆದು ಮನೆಯಲ್ಲೇ ಚಾರ್ಜ್ ಮಾಡಬಹುದಾದ ತನ್ನದೇ ಬ್ಯಾಟರಿ ಇತ್ತು. ಹೋಂಡಾ 2021ರಲ್ಲೇ ಬೆಂಗಳೂರಿನಲ್ಲಿ ಬ್ಯಾಟರಿ ಬದಲಾವಣೆಗೆಂದು ಪ್ರತ್ಯೇಕ ಕಂಪನಿ ತೆರೆದು, 2024ರ ನವೆಂಬರ್‌ನಲ್ಲಿ ವಿದ್ಯುತ್ ಆಕ್ಟಿವಾ ತೋರಿಸಿತು. ಇವರದು ಅವರಿಗೆ ಕೂರುವುದಿಲ್ಲ.

ಸರ್ಕಾರ ಪ್ರಯತ್ನಿಸಲಿಲ್ಲವೆಂದಲ್ಲ. 2020ರಲ್ಲಿ ಬ್ಯಾಟರಿ ಇಲ್ಲದೆಯೇ ಗಾಡಿ ಮಾರಲು, ನೋಂದಣಿ ಮಾಡಲು ಅನುಮತಿ ಸಿಕ್ಕಿತು. 2022ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಬ್ಯಾಟರಿ ಬದಲಾವಣೆಯ ನೀತಿ ಬರುತ್ತದೆ ಎಂದರು, ಏಪ್ರಿಲ್‌ನಲ್ಲಿ ನೀತಿ ಆಯೋಗದ ಕರಡೂ ಬಂತು. ಕರಡು ಕರಡಾಗಿಯೇ ಉಳಿಯಿತು. ಎಲ್ಲರಿಗೂ ಒಂದೇ ಅಳತೆ ಹಾಕಿದರೆ ಗಾಡಿಯ ವಿನ್ಯಾಸಕ್ಕೇ ಬೇಲಿ ಹಾಕಿದಂತೆ ಎಂಬುದು ತಯಾರಕರ ತಕರಾರು. ಅದೇ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದವು. ಬ್ಯಾಟರಿ ಸುರಕ್ಷತೆಯ ನಿಯಮಗಳು ಬಿಗಿಯಾದವು. ಒಬ್ಬನ ಗಾಡಿಯಲ್ಲಿ ಇನ್ನೊಬ್ಬನ ಬ್ಯಾಟರಿ ಸುಟ್ಟರೆ ಉತ್ತರ ಹೇಳುವವರು ಯಾರು? ಟಾರ್ಚಿನ ಸೆಲ್ಲು ಹೆಚ್ಚೆಂದರೆ ಸೋರಿ ಸ್ಪ್ರಿಂಗ್‌ಗೆ ತುಕ್ಕು ಹಿಡಿಸುತ್ತಿತ್ತು. ಲಿಥಿಯಂ ಪೆಟ್ಟಿಗೆ ಅಷ್ಟು ಸಾಧುವಲ್ಲ. ಅದರೊಳಗೆ ಸೆಲ್ಲುಗಳ ಬಿಸಿ, ವೋಲ್ಟೇಜ್ ಕಾಯುವ ಸಣ್ಣ ಮಿದುಳು ಕೂತಿರುತ್ತದೆ. ಪಿನ್ನು ಹೊಂದಿದರೆ ಸಾಲದು, ಆ ಮಿದುಳಿಗೂ ಗಾಡಿಗೂ ಭಾಷೆ ಹೊಂದಬೇಕು. ಒಪ್ಪಂದ ಕಷ್ಟವಾಗುವುದು ಇಲ್ಲೇ: ಆ ಭಾಷೆಯೇ ಕಂಪನಿಗಳ ಗುಟ್ಟು.

ಭಾವನ ಲೆಕ್ಕಕ್ಕೆ ಬರೋಣ. ಬ್ಯಾಟರಿ ಬದಲಾಯಿಸುವ ಆಕ್ಟಿವಾದಲ್ಲಿ ತಲಾ 1.5 ಯೂನಿಟ್‌ನ ಎರಡು ಪೆಟ್ಟಿಗೆಗಳಿವೆ. ಒಂದೊಂದು ಹತ್ತು ಕಿಲೊ ಆಸುಪಾಸು, ಖಾಲಿ ಗ್ಯಾಸ್ ಸಿಲಿಂಡರಿಗಿಂತ ಹಗುರ. ಹಿಡಿ ಹಿಡಿದು ಎತ್ತಿದರೆ ಬರುತ್ತದೆ. ಕಂಪನಿ ಹೇಳುವ ದೂರ 102 ಕಿಲೊಮೀಟರ್. ಶಿರಸಿಯಿಂದ ಕುಮಟಾಕ್ಕೆ ಸುಮಾರು 60, ಹೋಗಿ ಬಂದರೆ 120. ಬರುವಾಗ ಏರು ಬೇರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಸವಾರನೂ ಸೇರಿ 200 ಕಿಲೊ ಎಂದುಕೊಂಡರೆ, ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಯೂನಿಟ್‌ನ ಮೂರನೆಯ ಒಂದು ಭಾಗದ ಹತ್ತಿರ ಖರ್ಚಾಗುತ್ತದೆ. ಗಾಳಿ, ಗುಂಡಿ, ತಿರುವಿನ ಲೆಕ್ಕ ಬೇರೆ. ಇಳಿಯುವಾಗ ಬ್ರೇಕಿನಿಂದ ಸ್ವಲ್ಪ ವಾಪಸು ಬರುತ್ತದೆಯಲ್ಲ ಎನ್ನಬಹುದು. ಆದರೆ ಅದು ಏರಲು ಖರ್ಚಾಗುವುದರಲ್ಲಿ ಒಂದು ಪಾಲು ಮಾತ್ರ. ಈ ಗಾಡಿಯನ್ನು ಮನೆಯಲ್ಲಿ ಚಾರ್ಜ್ ಮಾಡುವಂತಿಲ್ಲ, ಕೇಂದ್ರದಲ್ಲೇ ಬದಲಾಯಿಸಬೇಕು. ಕೇಂದ್ರಗಳು ಶುರುವಾದದ್ದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಅಲ್ಲಿಗೆ ಮಾತು ಮುಗಿಯಿತು.

ಬೇಸರವೆಂದರೆ ಬ್ಯಾಟರಿ ಬದಲಾವಣೆ ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದಂತಿದೆ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳು, ಕಾಳಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳು. ನಾಡಿಗೆಲ್ಲ ಬೆಳಕು ಕೊಡುವ ನಮ್ಮಲ್ಲಿ ಆಷಾಢದಲ್ಲಿ ತಂತಿಯ ಮೇಲೆ ಒಂದು ಮರ ಬಿದ್ದರೆ ಕತ್ತಲು. ಕರೆಂಟಿದ್ದಾಗ ತುಂಬಿಸಿಟ್ಟ ನಾಲ್ಕಾರು ಪೆಟ್ಟಿಗೆ ಊರಿನ ಒಂದು ಅಂಗಡಿಯಲ್ಲಿದ್ದರೆ ಎಷ್ಟು ಚೆನ್ನ! ಆದರೆ ಯಾವ ಕಂಪನಿಯ ಪೆಟ್ಟಿಗೆ ಇಡಬೇಕು ಅಂಗಡಿಯವನು?

ಭಾರತದಲ್ಲಿ ಎದುರಾಳಿಗಳು ನಿಜವಾಗಿ ಹತ್ತಿರ ಬಂದದ್ದು ಪೆಟ್ಟಿಗೆಯ ವಿಷಯದಲ್ಲಲ್ಲ, ಪ್ಲಗ್ಗಿನ ವಿಷಯದಲ್ಲಿ. ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ 2021ರಲ್ಲಿ ತನ್ನ ಚಾರ್ಜಿಂಗ್ ಪ್ಲಗ್ಗಿನ ವಿನ್ಯಾಸವನ್ನು ಬೇರೆ ತಯಾರಕರಿಗೂ ಬಿಟ್ಟುಕೊಟ್ಟಿತು. ಏಥರ್‌ನಲ್ಲಿ ಮೊದಲೇ ಹಣ ಹೂಡಿದ್ದ ಹೀರೋ ಅದನ್ನೇ ವಿಡಾಕ್ಕೂ ಅಳವಡಿಸಿಕೊಂಡಿತು. 2023ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆಯೂ ಬಿತ್ತು, ಇಬ್ಬರ ವೇಗದ ಚಾರ್ಜರುಗಳು ಪರಸ್ಪರರ ಗಾಡಿಗೆ ತೆರೆದುಕೊಂಡವು. ಪೆಟ್ಟಿಗೆಯ ಗುಟ್ಟು ಅವರವರಲ್ಲೇ ಉಳಿಯಿತು, ಬಾಯಿ ಮಾತ್ರ ಒಂದಾಯಿತು. ಇಡೀ ಪೆಟ್ಟಿಗೆಯ ಕನಸಿಗಿಂತ ಈ ಸಣ್ಣ ಒಪ್ಪಂದವೇ ನಮ್ಮಂಥ ಊರುಗಳಿಗೆ ಬೇಗ ತಲುಪುವಂಥದ್ದು ಎಂದು ನನಗನ್ನಿಸುತ್ತದೆ.

ಭಾವ ಕೊನೆಗೆ ಮನೆಯಲ್ಲೇ ಚಾರ್ಜ್ ಆಗುವ ಗಾಡಿ ತಂದರು. ಮೊದಲ ಸಲ ಕುಮಟಾಕ್ಕೆ ಇಳಿದ ದಿನ ಹೋಟೆಲೊಂದರ ಅಂಗಳದಲ್ಲಿ ಬೇರೆ ಕಂಪನಿಯ ಹೆಸರಿದ್ದ ಚಾರ್ಜರ್ ಕಂಡು, ಅನುಮಾನದಿಂದಲೇ ಪ್ಲಗ್ ಒತ್ತಿ ನೋಡಿದರಂತೆ. ಮೀನೂಟ ಬಡಿಸುವ ಆ ಹೋಟೆಲಿನಲ್ಲಿ ಸಸ್ಯಾಹಾರಿ ಭಾವನಿಗೆ ಸಿಕ್ಕಿದ್ದು ಎರಡು ಚಹಾ ಮಾತ್ರ. ಎರಡನೆಯದು ಮುಗಿಸುವ ಮೊದಲೇ ನನಗೆ ಫೋನ್ ಬಂತು.

“ಕೂತಿತು ಮಾರಾಯ,” ಎಂದರು.