ಲೈಫ್‌ಸೇವರ್: ತಿರುಗುವ ಮುನ್ನ ಭುಜದ ಮೇಲಿಂದ ಒಂದು ನೋಟ

ಬ್ರಿಟನ್ನಿನಲ್ಲಿ ಬೈಕ್ ಕಲಿಯಲು ಹೋದವರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತು ‘ಲೈಫ್‌ಸೇವರ್’. ಬೈಕ್ ತಿರುಗಿಸುವ ಇಲ್ಲವೇ ಲೇನ್ ಬದಲಿಸುವ ತುಸು ಮುಂಚೆ, ಯಾವ ಕಡೆ ಹೋಗಬೇಕೋ ಆ ಕಡೆಯ ಭುಜದ ಮೇಲಿಂದ ಹಾಯಿಸುವ ಕೊನೆಯ ನೋಟಕ್ಕೆ ಈ ಹೆಸರು. ಅಮೆರಿಕದಲ್ಲಿ ಇದನ್ನೇ ಹೆಡ್ ಚೆಕ್ ಅನ್ನುತ್ತಾರೆ. ಶೋಲ್ಡರ್ ಚೆಕ್ ಅನ್ನುವವರೂ ಇದ್ದಾರೆ. ಕನ್ನಡಿಗೆ ಸಿಗದ ಜಾಗವನ್ನು ಕಣ್ಣಾರೆ ನೋಡಿಕೊಳ್ಳುವುದು ಇದರ ಕೆಲಸ.

ಹಿಂದೆ ನೋಡುವುದು ಅಂದರೆ ಇಷ್ಟೇ ಅಲ್ಲ. ಓಡಿಸುವಾಗ ಆಗಾಗ ಕನ್ನಡಿ ನೋಡುತ್ತೇವೆ. ಹಿಂದೆ ಯಾವ ಗಾಡಿ ಇದೆ, ಎಷ್ಟು ದೂರದಲ್ಲಿದೆ, ಹತ್ತಿರ ಬರುತ್ತಿದೆಯೋ ದೂರ ಉಳಿಯುತ್ತಿದೆಯೋ ಅಂತ ಒಂದು ಚಿತ್ರ ತಲೆಯಲ್ಲಿ ಇಟ್ಟುಕೊಂಡಿರುತ್ತೇವೆ. ಇದಕ್ಕೆ ರಿಯರ್ ಆಬ್ಸರ್ವೇಶನ್ ಅನ್ನುತ್ತಾರೆ. ಸವಾರಿ ಪೂರ್ತಿ ನಡೆಯುತ್ತಲೇ ಇರುವ ಕೆಲಸ ಅದು. ಅದರ ಕೊನೆಯ ತುಣುಕು ಲೈಫ್‌ಸೇವರ್. ಮೊದಲನೆಯದು ಇಲ್ಲದೆ ಎರಡನೆಯದನ್ನು ಮಾತ್ರ ಮಾಡಿದರೆ, ಆ ಒಂದೇ ನೋಟದಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಅಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ.

ಕನ್ನಡಿ ಇರುವಾಗ ತಲೆ ಯಾಕೆ ತಿರುಗಿಸಬೇಕು ಅಂತ ಕೇಳುವವರಿಗೆ ಒಂದು ಚಿಕ್ಕ ಪ್ರಯೋಗ ಸಾಕು. ಗಾಡಿ ಇಲ್ಲದ ಜಾಗದಲ್ಲಿ ಬೈಕ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ನೀವು ಓಡಿಸುವ ಹಾಗೆಯೇ ನೆಟ್ಟಗೆ ಕೂತುಕೊಳ್ಳಿ. ಎರಡೂ ಕನ್ನಡಿ ಸರಿಮಾಡಿಕೊಳ್ಳಿ. ಈಗ ಗೆಳೆಯರೊಬ್ಬರು ಹತ್ತು ಹದಿನೈದು ಹೆಜ್ಜೆ ಹಿಂದಿನಿಂದ, ನಿಮ್ಮ ಬಲಗಡೆ ಒಂದು ಲೇನಿನಷ್ಟು ಜಾಗ ಬಿಟ್ಟು, ನಿಧಾನವಾಗಿ ಮುಂದಕ್ಕೆ ನಡೆದು ಬರಲಿ. ನೀವು ತಲೆ ಅಲ್ಲಾಡಿಸದೆ ಕನ್ನಡಿಯಲ್ಲೇ ಅವರನ್ನು ಹಿಂಬಾಲಿಸಿ. ಮೊದಲು ಪೂರ್ತಿ ಆಳು ಕಾಣುತ್ತಾರೆ. ಆಮೇಲೆ ಅರ್ಧ. ಹಿಂದಿನ ಚಕ್ರದ ಆಸುಪಾಸಿಗೆ ಬರುವಷ್ಟರಲ್ಲಿ ಕನ್ನಡಿಯ ಹೊರ ಅಂಚಿನಿಂದ ಜಾರಿ ಮಾಯವಾಗುತ್ತಾರೆ. ಕಣ್ಣಂಚಿಗೆ ಸಿಗಬೇಕಾದರೆ ಅವರು ಇನ್ನೂ ಒಂದೆರಡು ಹೆಜ್ಜೆ ಮುಂದೆ ಬರಬೇಕು. ಆ ನಡುವಿನ ಜಾಗವೇ ಬ್ಲೈಂಡ್ ಸ್ಪಾಟ್. ಗೆಳೆಯರನ್ನು ಅಲ್ಲೇ ನಿಲ್ಲಲು ಹೇಳಿ, ಗಲ್ಲವನ್ನು ಭುಜದ ಕಡೆ ತಿರುಗಿಸಿ. ತಟ್ಟನೆ ಪಕ್ಕದಲ್ಲೇ ಕಾಣಿಸುತ್ತಾರೆ! ಅಲ್ಲಿ ನಿಂತಿರುವುದು ಒಬ್ಬ ಮನುಷ್ಯ. ಇನ್ನೊಂದು ಬೈಕೂ ಅಲ್ಲಿ ಅಷ್ಟೇ ಸಲೀಸಾಗಿ ಅಡಗಿಕೊಳ್ಳುತ್ತದೆ.

ಕನ್ನಡಿಯನ್ನು ಹೊರಕ್ಕೆ ತಿರುಗಿಸಿದರೆ ಈ ಜಾಗ ಕಾಣುವುದಿಲ್ವಾ? ಸ್ವಲ್ಪ ಕಾಣುತ್ತದೆ. ಆದರೆ ನೇರ ಹಿಂದಿನ ರಸ್ತೆ ತಪ್ಪಿಹೋಗುತ್ತದೆ. ಬ್ಲೈಂಡ್ ಸ್ಪಾಟನ್ನು ಅತ್ತ ಇತ್ತ ಸರಿಸಬಹುದು, ಕಿರಿದು ಮಾಡಬಹುದು. ಪೂರ್ತಿ ಅಳಿಸಲು ಆಗುವುದಿಲ್ಲ.

ಕನ್ನಡಿಯ ಗಾಜಿನ ಬಗ್ಗೆಯೂ ತಿಳಿದಿರಬೇಕು. ತುಂಬ ಬೈಕುಗಳಲ್ಲಿ ಇರುವುದು ಉಬ್ಬು ಕನ್ನಡಿ, ಚಮಚದ ಬೆನ್ನಿನ ಹಾಗೆ. ಉಬ್ಬಿದಷ್ಟೂ ಜಾಸ್ತಿ ಅಗಲ ಕಾಣುತ್ತದೆ, ಆದರೆ ಕಂಡದ್ದು ಚಿಕ್ಕದಾಗುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಮ್ಮ ಮೆದುಳು ದೂರದಲ್ಲಿದೆ ಅಂತಲೇ ಓದಿಕೊಳ್ಳುತ್ತದೆ. ಅಮೆರಿಕದ ಕಾರುಗಳ ಪಕ್ಕದ ಕನ್ನಡಿಯಲ್ಲಿ ‘ಕನ್ನಡಿಯಲ್ಲಿ ಕಾಣುವ ವಸ್ತುಗಳು ಕಂಡದ್ದಕ್ಕಿಂತ ಹತ್ತಿರದಲ್ಲಿವೆ’ ಅಂತ ಬರೆದಿರುವುದು ಇದಕ್ಕೇ. ಬೈಕಿನ ಕನ್ನಡಿಯ ಮೇಲೆ ಸಾಮಾನ್ಯವಾಗಿ ಅದನ್ನು ಬರೆದಿರುವುದಿಲ್ಲ, ನಾವೇ ನೆನಪಿಡಬೇಕು. ಅಮೆರಿಕದ ನಿಯಮ ಬೈಕಿಗೆ ಚಪ್ಪಟೆ ಕನ್ನಡಿಯನ್ನೂ ಒಪ್ಪುತ್ತದೆ, ಉಬ್ಬು ಕನ್ನಡಿಯನ್ನೂ ಒಪ್ಪುತ್ತದೆ. ಚಪ್ಪಟೆಯದಾದರೆ ಕನಿಷ್ಠ 80 ಚದರ ಸೆಂಟಿಮೀಟರಿಗೆ ತುಸು ಜಾಸ್ತಿ ಇರಬೇಕು, ಉಬ್ಬು ಕನ್ನಡಿಯಾದರೆ ಸುಮಾರು 65 ಸಾಕು. ಉಬ್ಬು ಕನ್ನಡಿ ಕಡಿಮೆ ಜಾಗದಲ್ಲಿ ಜಾಸ್ತಿ ತೋರಿಸುತ್ತದೆ ಅಲ್ವಾ, ಅದಕ್ಕೆ ಈ ರಿಯಾಯಿತಿ. ಅಂಗಡಿಯಲ್ಲಿ ಚೆಂದ ಕಂಡಿತು ಅಂತ ಅಂಗೈಯ ಅರ್ಧದಷ್ಟೂ ಇಲ್ಲದ ಕನ್ನಡಿ ಹಾಕಿಸಿಕೊಳ್ಳುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಿಂದೆ ಬರುವ ಲಾರಿ ಅದರಲ್ಲಿ ಒಂದು ಚುಕ್ಕೆ ಅಷ್ಟೇ.

ಇನ್ನೊಂದು ತೊಂದರೆ ನಡುಕ. 1911ರಲ್ಲಿ ಇಂಡಿಯಾನಾಪೊಲಿಸ್‌ನ ಮೊದಲ 500 ಮೈಲಿ ರೇಸನ್ನು ಗೆದ್ದ ರೇ ಹರೂನ್ ತನ್ನ ಕಾರಿಗೆ ಹಿಂದೆ ನೋಡುವ ಕನ್ನಡಿ ಹಾಕಿಕೊಂಡಿದ್ದ. ಬೇರೆ ಕಾರುಗಳಲ್ಲಿ ಹಿಂದೆ ನೋಡಿ ಹೇಳಲು ಮೆಕ್ಯಾನಿಕ್ ಒಬ್ಬ ಪಕ್ಕದಲ್ಲಿ ಕೂರುತ್ತಿದ್ದ. ಹರೂನ್ ಒಬ್ಬನೇ ಓಡಿಸಿದ. ಆದರೆ ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಎಷ್ಟು ನಡುಗುತ್ತಿತ್ತೆಂದರೆ ಅದರಲ್ಲಿ ಏನೂ ಕಾಣಲಿಲ್ಲ ಅಂತ ಅವನೇ ಆಮೇಲೆ ಹೇಳಿದ. ನೂರು ವರ್ಷ ಕಳೆದರೂ ಬೈಕಿನಲ್ಲಿ ಈ ಗೋಳು ತಪ್ಪಿಲ್ಲ. ಅದರಲ್ಲೂ ಒಂದೇ ಸಿಲಿಂಡರಿನ ಎಂಜಿನ್ನಿಗೆ ಯಾವುದೋ ಒಂದು ವೇಗದಲ್ಲಿ ಕನ್ನಡಿ ಮಸುಕಾಗಿಬಿಡುತ್ತದೆ. ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹ್ಯಾಂಡಲ್ ತುದಿಗೆ ಭಾರ ಹಾಕುವುದು, ಕನ್ನಡಿಯನ್ನು ರಬ್ಬರ್ ಕೊಟ್ಟು ಕೂರಿಸುವುದು, ಅದರ ಬುಡದ ಸಡಿಲವಾದ ಲಾಕ್‌ನಟ್ ಬಿಗಿ ಮಾಡುವುದು, ಇವುಗಳಿಂದ ಸ್ವಲ್ಪ ಕಡಿಮೆಯಾಗುತ್ತದೆ. ಬಿಗಿ ಮಾಡುವಾಗ ಒಂದು ಎಚ್ಚರ: ಯಮಹಾದ ಅನೇಕ ಬೈಕುಗಳಲ್ಲಿ ಬಲಗಡೆ ಕನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಮುಂದಿನಿಂದ ಏನಾದರೂ ಬಡಿದರೆ ಕನ್ನಡಿ ಮುರಿಯದೆ ಸಡಿಲವಾಗಿ ತಿರುಗಲಿ ಅಂತ ಹಾಗೆ ಮಾಡಿರುತ್ತಾರೆ. ಗೊತ್ತಿಲ್ಲದೆ ಸ್ಪ್ಯಾನರ್ ಹಾಕಿ ಎಳೆದರೆ ಥ್ರೆಡ್ ಹಾಳಾಗುತ್ತದೆ.

ಈಗ ಕಣ್ಣಿನ ವಿಷಯ. ಹೆಲ್ಮೆಟ್ ಹಾಕಿದರೆ ಪಕ್ಕ ಕಾಣುವುದಿಲ್ಲ, ಅದಕ್ಕೇ ತಲೆ ತಿರುಗಿಸಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನೇರ ಮುಂದಿನಿಂದ ಎರಡೂ ಕಡೆಗೆ 105 ಡಿಗ್ರಿವರೆಗೆ ನೋಟಕ್ಕೆ ಅಡ್ಡ ಬರಬಾರದು ಅಂತ ಅಮೆರಿಕದ ಹೆಲ್ಮೆಟ್ ನಿಯಮ ಹೇಳುತ್ತದೆ. ಬರಿಗಣ್ಣಿಗೂ ಪಕ್ಕಕ್ಕೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಹಿಂದೆ ಇರುವುದು ಹೆಲ್ಮೆಟ್ ಇದ್ದರೂ ಕಾಣುವುದಿಲ್ಲ, ತೆಗೆದರೂ ಕಾಣುವುದಿಲ್ಲ. ಮೇಲಾಗಿ ಕಣ್ಣಂಚಿನಲ್ಲಿ ಕಾಣುವುದು ಅಲುಗಾಟ ಮಾತ್ರ. ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಒಂದೆರಡು ಡಿಗ್ರಿಯಷ್ಟು ಜಾಗ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ, ಆ ಹಾರುವ ಗಳಿಗೆಯಲ್ಲಿ ಕಂಡದ್ದನ್ನು ಮೆದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸುಮ್ನೆ ತಲೆ ಒದರಿದರೆ ನೋಡಿದ ಹಾಗಲ್ಲ ಅನ್ನುವುದು ಇದಕ್ಕೇ. ತಲೆ ತಿರುಗಿತು, ಕಣ್ಣು ಗುಡಿಸಿಕೊಂಡು ಹೋಯಿತು, ವಾಪಸ್ ಬಂತು. ನಡುವೆ ಎಲ್ಲೂ ನಿಲ್ಲಲಿಲ್ಲ. ಹಾಗೆ ಮಾಡಿದರೆ ಪಕ್ಕದಲ್ಲಿದ್ದ ಸೈಕಲ್ ಕೂಡ ತಪ್ಪಿಹೋಗಬಹುದು. ಕಣ್ಣು ಒಂದು ಕ್ಷಣ ಆ ಜಾಗದ ಮೇಲೆ ನಿಲ್ಲಬೇಕು. ‘ಖಾಲಿ ಇದೆ’ ಅಂತ ಮನಸ್ಸಿನಲ್ಲಿ ಹೇಳಿಕೊಂಡರೆ ಕಣ್ಣು ತಾನಾಗಿ ನಿಲ್ಲುತ್ತದೆ. ಪರೀಕ್ಷೆ ತೆಗೆದುಕೊಳ್ಳುವವರ ಮುಂದೆ ಹೆಲ್ಮೆಟ್ ತಿರುಗಿಸಿ ತೋರಿಸುವ ಅಭ್ಯಾಸ ಕೆಲವರಿಗೆ ಅಂಟಿಕೊಳ್ಳುತ್ತದೆ. ಅದು ನೋಟ ಅಲ್ಲ.

ಲೈಫ್‌ಸೇವರಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವಾಗ ನೋಡಬೇಕು ಅನ್ನುವುದು. ಒಂದು ಲೆಕ್ಕ ಹಾಕಿ ನೋಡೋಣ. ನೀವು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದೀರಿ. ಪಕ್ಕದ ಲೇನಿನಲ್ಲಿ ಹಿಂದಿನಿಂದ ಒಂದು ಕಾರು 80ರಲ್ಲಿ ಬರುತ್ತಿದೆ. ವ್ಯತ್ಯಾಸ 30 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಜಾಸ್ತಿ. ನೀವು ಕನ್ನಡಿ ನೋಡಿದಾಗ ಅದು 35 ಮೀಟರ್ ಹಿಂದೆ ಇತ್ತು, ಉಬ್ಬು ಕನ್ನಡಿಯಲ್ಲಿ ಇನ್ನೂ ದೂರ ಕಂಡಿತು. ಇಂಡಿಕೇಟರ್ ಹಾಕಿದಿರಿ, ಮುಂದೆ ನೋಡಿದಿರಿ, ನಾಲ್ಕು ಸೆಕೆಂಡ್ ಕಳೆಯಿತು. ಈಗ ಅದು ನಿಮ್ಮ ಹಿಂದಿನ ಚಕ್ರದ ಪಕ್ಕದಲ್ಲೇ ಇದೆ. ಈಗ ಕನ್ನಡಿ ನೋಡಿದರೂ ಸಿಗುವುದಿಲ್ಲ. ನಾಲ್ಕು ಸೆಕೆಂಡ್ ಹಿಂದಿನ ಕನ್ನಡಿಯನ್ನು ನಂಬಿ ವಾಲಿದರೆ ಗತಿ ಏನು?

ಹಾಗಾಗಿ ನೋಟ ತೀರಾ ಮುಂಚೆ ಬರಬಾರದು. ತೀರಾ ತಡವಾಗಿಯೂ ಬರಬಾರದು. ಬೈಕ್ ಆಗಲೇ ವಾಲಲು ಶುರುವಾಗಿದ್ದರೆ, ಏನೋ ಕಂಡರೂ ಮಾಡುವುದೇನೂ ಉಳಿದಿರುವುದಿಲ್ಲ. ‘ಬೇಡ, ಇಲ್ಲೇ ಇರೋಣ’ ಅಂತ ಮನಸ್ಸು ಬದಲಿಸಲು ಇನ್ನೂ ಸಮಯ ಇರುವಾಗ ನೋಡಬೇಕು. ಕನ್ನಡಿ, ಇಂಡಿಕೇಟರ್, ಮತ್ತೆ ಕನ್ನಡಿ, ಲೈಫ್‌ಸೇವರ್, ಆಮೇಲೆ ಹ್ಯಾಂಡಲ್. ಇಂಡಿಕೇಟರ್ ಹಾಕಿದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ, ಅದು ಕೇಳಿಕೊಳ್ಳುವುದು ಅಷ್ಟೇ.

ಹಿಂದೆ ನೋಡುವುದಕ್ಕೂ ಬೆಲೆ ತೆರಬೇಕು. ಗಂಟೆಗೆ 60ರಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ, 100ರಲ್ಲಿ ಸುಮಾರು 28. ಅಷ್ಟು ದೂರ ಮುಂದಿನ ರಸ್ತೆ ನೋಡದೆ ಸಾಗುತ್ತೇವೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಅಪಾಯಗಳು ನೇರ ಮುಂದಿನಿಂದ ಎರಡೂ ಪಕ್ಕಕ್ಕೆ 45 ಡಿಗ್ರಿಯ ಒಳಗೇ ಇದ್ದವು. ಅಂದರೆ ಪೆಟ್ಟು ಬರುವುದು ಹೆಚ್ಚಾಗಿ ಮುಂದಿನಿಂದಲೇ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುತ್ತಿದ್ದರೆ ತಲೆ ತಿರುಗಿಸಬೇಡಿ, ಮೊದಲು ಅಂತರ ಮಾಡಿಕೊಳ್ಳಿ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಬೇಡ. ತಿರುವಿನಲ್ಲಿ ಬೈಕ್ ವಾಲಿದಾಗಲೂ ಬೇಡ. ವೇಗದ ಹೆದ್ದಾರಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗುವುದು ಬೇಕಿಲ್ಲ, ಗಲ್ಲ ಭುಜದ ಕಡೆ ಹೋಗಿ ಬಂದರೆ ಸಾಕು. ದೂರದ ಹಿಂದಿನದನ್ನು ಕನ್ನಡಿ ನೋಡಿಕೊಳ್ಳುತ್ತದೆ, ಪಕ್ಕದ್ದನ್ನು ನಾವು ನೋಡಿಕೊಳ್ಳಬೇಕು.

ತಲೆಯ ಜೊತೆ ಭುಜವೂ ತಿರುಗಿದರೆ ಕೈ ಎಳೆಯುತ್ತದೆ, ಕೈ ಎಳೆದರೆ ಹ್ಯಾಂಡಲ್ ಅಲುಗುತ್ತದೆ, ಬೈಕ್ ಗೆರೆ ಬಿಟ್ಟು ಸರಿಯುತ್ತದೆ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು ಮೊಣಕೈ ಸಡಿಲ ಬಿಟ್ಟರೆ ಇದು ಆಗುವುದಿಲ್ಲ. ಕುತ್ತಿಗೆ ನೋವಿದ್ದು ತಲೆ ತಿರುಗದವರು ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ ಕನ್ನಡಿ ನೋಡಿದರೆ ಇನ್ನಷ್ಟು ಜಾಗ ಕಾಣುತ್ತದೆ. ಲೈಫ್‌ಸೇವರಿನಷ್ಟು ಒಳ್ಳೆಯದಲ್ಲ, ಆದರೆ ಏನೂ ನೋಡದಿರುವುದಕ್ಕಿಂತ ಎಷ್ಟೋ ಮೇಲು.

ತಿರುಗುವಾಗ ಮಾತ್ರ ಹಿಂದೆ ನೋಡಿದರೆ ಸಾಲದು. ನಿಧಾನ ಮಾಡುವಾಗಲೂ ಬೇಕು. ಥ್ರಾಟಲ್ ಬಿಟ್ಟು ಎಂಜಿನ್ನಿನ ಹಿಡಿತದಲ್ಲೇ ವೇಗ ಇಳಿಸಿದರೆ ಹಿಂದಿನ ಬ್ರೇಕ್ ಲೈಟ್ ಹತ್ತುವುದಿಲ್ಲ, ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ. ಕನ್ನಡಿ ನೋಡಿ, ಯಾರಾದರೂ ಹತ್ತಿರ ಇದ್ದರೆ ಬ್ರೇಕನ್ನು ಮೆಲ್ಲಗೆ ತಾಕಿಸಿ ಲೈಟ್ ಹತ್ತಿಸಿ. ಸಿಗ್ನಲ್ಲಿನಲ್ಲಿ ಕೊನೆಯವರಾಗಿ ನಿಂತಾಗ ಇದು ಇನ್ನೂ ಮುಖ್ಯ. ಮುಂದಿನ ಗಾಡಿಯ ಬಾಲಕ್ಕೆ ಮೂತಿ ತಾಗಿಸಿ ನಿಲ್ಲಬೇಡಿ, ಪಕ್ಕಕ್ಕೆ ನುಸುಳುವಷ್ಟು ಜಾಗ ಬಿಡಿ. ಮೊದಲ ಗೇರಿನಲ್ಲೇ ಇರಿ, ಕ್ಲಚ್ ಹಿಡಿದಿರಿ, ಕಣ್ಣು ಕನ್ನಡಿಯಲ್ಲಿರಲಿ. ಹಿಂದೆ ಒಂದು ಗಾಡಿ ಬಂದು ಸರಿಯಾಗಿ ನಿಂತ ಮೇಲೆ ಉಸಿರು ಬಿಡಬಹುದು.

ಕನ್ನಡಿ ಸರಿಮಾಡುವಾಗ ಬೈಕ್ ಸೈಡ್ ಸ್ಟ್ಯಾಂಡ್ ಮೇಲೆ ವಾಲಿ ನಿಂತಿರಬಾರದು. ನೆಟ್ಟಗೆ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು, ಓಡಿಸುವ ಭಂಗಿಯಲ್ಲಿ ಕೂತು ನೋಡಿ. ಒಳ ಅಂಚಿನಲ್ಲಿ ನಿಮ್ಮ ಭುಜದ ಇಲ್ಲವೇ ಮೊಣಕೈಯ ಚೂರು ಕಂಡರೆ ಸಾಕು, ರಸ್ತೆ ಮತ್ತು ಆಕಾಶ ಸೇರುವ ಗೆರೆ ಹೆಚ್ಚುಕಡಿಮೆ ನಡುವೆ ಬರಲಿ. ಅರ್ಧ ಕನ್ನಡಿ ತುಂಬ ಸ್ವಂತ ತೋಳೇ ಕಾಣುತ್ತಿದ್ದರೆ ಏನು ಉಪಯೋಗ? ದಪ್ಪ ಜಾಕೆಟ್ ಹಾಕಿದ ದಿನ ಮತ್ತೆ ನೋಡಿಕೊಳ್ಳಿ. ಹಿಂದೆ ಒಬ್ಬರು ಕೂತರೆ ಬೈಕಿನ ಹಿಂಭಾಗ ತಗ್ಗುತ್ತದೆ, ಕನ್ನಡಿ ನೆಲ ನೋಡಲು ಶುರುಮಾಡುತ್ತದೆ. ಆಗಲೂ ಒಂದಿಷ್ಟು ಮೇಲಕ್ಕೆ ತಿರುಗಿಸಬೇಕು.

ಅಭ್ಯಾಸಕ್ಕೆ ಖಾಲಿ ಮೈದಾನ ಒಳ್ಳೆಯದು. ನೆಲದ ಮೇಲೆ ಒಂದು ಉದ್ದ ಗೆರೆ ಎಳೆದು, ಅದರ ಮೇಲೆ ನಿಧಾನವಾಗಿ ಬೈಕ್ ಓಡಿಸಿ. ಹಿಂದೆ ನಿಂತ ಗೆಳೆಯರು ಕೈ ಎತ್ತಿ ಬೆರಳು ತೋರಿಸಲಿ. ನೀವು ಭುಜದ ಮೇಲಿಂದ ನೋಡಿ ಎಷ್ಟು ಬೆರಳು ಅಂತ ಕೂಗಿ ಹೇಳಬೇಕು, ಚಕ್ರ ಗೆರೆ ಬಿಟ್ಟು ಹೋಗಬಾರದು. ತುಂಬ ಜನರಿಗೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಷ್ಟ. ಕಷ್ಟವಾದ ಕಡೆಯೇ ಜಾಸ್ತಿ ಸಲ ಮಾಡಿ.