ನೋವಿಗೆ ಸ್ವಭಾವವೇ ಕಾರಣ ಅಂದದ್ದು ಎಲ್ಲಿಂದ ಬಂತು?

ಸ್ಕ್ಯಾನ್ ರಿಪೋರ್ಟ್ ನಾರ್ಮಲ್ ಬಂದರೆ ಸಾಕು, ವರ್ಷಗಟ್ಟಲೆ ಬೆನ್ನುನೋವು ತಿನ್ನುತ್ತಿರುವವರಿಗೆ ಒಂದು ಮಾತು ಕಾದಿರುತ್ತದೆ. 'ನಿನ್ನ ಸ್ವಭಾವವೇ ಹಾಗೆ, ಎಲ್ಲದಕ್ಕೂ ಜಾಸ್ತಿ ತಲೆ ಕೆಡಿಸಿಕೊಳ್ತೀಯ.' ಈ ಮಾತು ತುಂಬಾ ನೋಯಿಸುತ್ತದೆ. ಒಂದು ಕಾಲದಲ್ಲಿ ಡಾಕ್ಟರುಗಳೇ ಇದನ್ನು ನಂಬಿದ್ದರು.

1959ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಒಂದು ಲೇಖನ ಬರೆದರು. ಕೆಲವರ ಸ್ವಭಾವವೇ ನೋವನ್ನು ಕರೆದುಕೊಳ್ಳುವಂಥದ್ದು, ಒಳಗೆ ಕೊರೆಯುವ ತಪ್ಪಿನ ಭಾವಕ್ಕೆ ಅವರು ನೋವನ್ನೇ ಶಿಕ್ಷೆಯಾಗಿ ಅನುಭವಿಸುತ್ತಾರೆ ಎಂಬುದು ಅವರ ವಾದ. ಇದೇ ಎಂಗೆಲ್ 1977ರಲ್ಲಿ ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಸೇರಿಸಿ ರೋಗಿಯನ್ನು ನೋಡಿ ಎಂದರು. ಆದರೂ ಹಳೆಯ ವಾದ ಬೇಗ ಅಳಿಯಲಿಲ್ಲ.

ನಡುವೆ 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಸಂಶೋಧಕರು, ಬೆನ್ನುಹುರಿಯಲ್ಲಿ ನೋವಿಗೆ ಬಾಗಿಲಿನಂಥದ್ದೊಂದು ಇದೆ, ಅದನ್ನು ತೆರೆಯುವುದರಲ್ಲಿ ಮುಚ್ಚುವುದರಲ್ಲಿ ಮೆದುಳಿನ ಪಾಲೂ ಇದೆ ಎಂದರು. ಅಂದರೆ ಮನಸ್ಸು ಸೇರಿದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 1997ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಸಣ್ಣ ಅಧ್ಯಯನ. ವಾಹನ ಅಪಘಾತದ ನಂತರ ಕತ್ತುನೋವು ಹೋಗದೆ ಉಳಿದಿದ್ದ 17 ಜನ. ನೋವು ಒಯ್ಯುವ ನರವನ್ನು ಬಿಸಿಮಾಡಿ ಸುಡುವ ಚಿಕಿತ್ಸೆ ಕೆಲವರಿಗೆ ನಿಜವಾಗಿ, ಕೆಲವರಿಗೆ ಹೆಸರಿಗೆ ಮಾತ್ರ. ಯಾರಿಗೆ ಯಾವುದು ಅಂತ ಆ ರೋಗಿಗಳಿಗೂ ಗೊತ್ತಿರಲಿಲ್ಲ. ನೋವು ಹೋದವರ ಮನಸ್ಸಿನ ಸಂಕಟವೂ ಹೋಯಿತು, ಅದಕ್ಕೆಂದು ಬೇರೆ ಏನೂ ಮಾಡದೆಯೇ. ನೋವು ಉಳಿದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಂಕಟ ಹಾಗೇ ಉಳಿಯಿತು. ಸಿಡುಕು, ಆತಂಕ ಎಂದು ನಾವು ಯಾವುದನ್ನು ಒಬ್ಬರ ಗುಣಕ್ಕೆ ಹಚ್ಚುತ್ತೇವೋ, ಅದು ಎಷ್ಟೋ ಸಲ ನೋವೇ ತಂದಿಟ್ಟದ್ದು, ಅಲ್ವಾ?

ಹಾಗಂತ ಸ್ವಭಾವಕ್ಕೆ ಪಾತ್ರವೇ ಇಲ್ಲ ಅಂತಲ್ಲ. ಬೇಗ ಹೆದರುವವರು 'ಬಗ್ಗಿದರೆ ಇನ್ನೇನಾಗುತ್ತೋ' ಅಂತ ಅಲುಗಾಡುವುದನ್ನೇ ಬಿಡುತ್ತಾರೆ, ಆಗ ಮೈ ಬಿಗಿಯುತ್ತದೆ, ಬಲ ಕುಗ್ಗುತ್ತದೆ, ನೋವು ಮತ್ತಷ್ಟು ಜಾಸ್ತಿಯಾಗುತ್ತದೆ. ಈ ಸುತ್ತನ್ನು 2000ದಲ್ಲಿ ಫ್ಲಾಯನ್ ಮತ್ತು ಲಿಂಟನ್ ಎಂಬ ಸಂಶೋಧಕರು ವಿವರವಾಗಿ ಬರೆದಿದ್ದಾರೆ. ಹಠದವರ ಕಷ್ಟ ಬೇರೆ. ಅವರು ಹಲ್ಲು ಕಚ್ಚಿ ಎಲ್ಲ ಕೆಲಸ ಮುಗಿಸಿ ಎರಡು ದಿನ ಮಲಗುತ್ತಾರೆ, ಎದ್ದ ಮೇಲೆ ಮತ್ತೆ ಅದೇ. ಹೆದರುವವರಿಗೆ ಇವತ್ತು ಹತ್ತು ಹೆಜ್ಜೆ, ನಾಳೆ ಹನ್ನೆರಡು ಅಂತ ಧೈರ್ಯ ಹೇಳುವವರು ಬೇಕು. ಹಠದವರಿಗೆ ಬೇಕಾದದ್ದು, ನೋವು ಏರುವ ಮುಂಚೆಯೇ ಅರ್ಧ ತೊಳೆದ ಪಾತ್ರೆ ಅಲ್ಲೇ ಬಿಟ್ಟು ಕೂರು, ಉಳಿದದ್ದು ನಾನು ತೊಳೀತೀನಿ ಅನ್ನುವ ಒಂದು ಜೀವ.